ರಾಗದ ಉತಾರ ಯಾರ ಹೆಸರಿನಲ್ಲಿದೆ?

ಪಾದ್ರಿಗಳು ನಮ್ಮ ರಾಗ ಕದ್ದರು ಎಂಬ ಮಾತಿಗೆ ಈಗ ಸುಗ್ಗಿ. ಹೇಳುವವರಿಗೆ ಯಮನ್ ಯಾವುದು, ಭೂಪ ಯಾವುದು ಗೊತ್ತಿರಬೇಕೆಂದೇನೂ ಇಲ್ಲ, ಸಿಟ್ಟಿದ್ದರೆ ಸಾಕು. 2018ರ ಆಗಸ್ಟ್‌ನಲ್ಲಿ ಗಾಯಕ ಓ.ಎಸ್. ಅರುಣ್ ಚೆನ್ನೈಯಲ್ಲಿ ಕ್ರೈಸ್ತ ಕೀರ್ತನೆಗಳ ಕಛೇರಿ ಮಾಡಲು ಒಪ್ಪಿದ್ದೇ ತಡ, ಫೋನಿನಿಂದ ಫೋನಿಗೆ ನಿಂದೆ ಹರಿದಾಡಿತು. ಆ ತಿಂಗಳ 25ಕ್ಕೆ ಗೊತ್ತಾಗಿದ್ದ ಕಛೇರಿಯಿಂದ ಅವರು ಹಿಂದೆ ಸರಿದರು. ಹಿಂದೆ ಎಂದೋ ಏಸುವಿನ ಮೇಲಿನ ಹಾಡು ಹಾಡಿದ್ದ ನಿತ್ಯಶ್ರೀ ಮಹಾದೇವನ್ ಅವರಂಥವರೂ ಜವಾಬು ಕೊಡಬೇಕಾಯಿತು. ಟಿ.ಎಂ. ಕೃಷ್ಣ ಮಾತ್ರ ಹಟಕ್ಕೆ ಬಿದ್ದು, ತಿಂಗಳಿಗೊಂದರಂತೆ ಏಸುವಿನ ಮೇಲೋ ಅಲ್ಲಾನ ಮೇಲೋ ಕರ್ನಾಟಕ ಸಂಗೀತದ ಹಾಡು ಹೊರತರುತ್ತೇನೆ ಎಂದು ಸಾರಿದರು. ಆ ಗಲಾಟೆ ತಣ್ಣಗಾಯಿತು. ಮಾತು ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿತು. ಬೈಗುಳ ಬರೆಯದ, ಓದಿಕೊಂಡ, ಸಭ್ಯ ಜನ ಕೂಡ ಈಗ ತಲೆಯಾಡಿಸಿ, "ಅದರಲ್ಲೂ ಸ್ವಲ್ಪ ನಿಜ ಇದೆಯಲ್ಲವೇ?" ಎನ್ನುತ್ತಾರೆ. ನನ್ನ ಜಗಳ ಬೈದವರ ಜೊತೆಗಲ್ಲ, ಈ ತಲೆಯಾಡಿಸುವವರ ಜೊತೆಗೆ.

ಅವರ ವಾದವನ್ನು ತೆಳ್ಳಗೆ ಮಾಡಿ ಹೊಡೆದುಹಾಕುವುದು ಸುಲಭ, ಹಾಗೆ ಮಾಡುವುದಿಲ್ಲ. ಅವರು ಹೇಳುವುದು ಇಷ್ಟು. ನಮ್ಮ ರಾಗಗಳು ಗುಡಿಯಲ್ಲಿ ಹುಟ್ಟಿ, ಭಕ್ತಿಯಲ್ಲಿ ಬೆಳೆದವು. ರಾಗ ಬೇರೆ, ದೇವರು ಬೇರೆ ಎಂದು ಬಿಡಿಸಲಾಗದು. ಪರದೇಶದ ಮಿಶನರಿ ತನ್ನ ಹಾಡಿನಿಂದ ಜನರನ್ನು ಸೆಳೆಯಲಾರದೆ ನಮ್ಮ ಹಾಡನ್ನೇ ಗಾಳಕ್ಕೆ ಸಿಕ್ಕಿಸಿದ. ರಾಮನ ಹೆಸರು ತೆಗೆದು ಏಸುವಿನ ಹೆಸರು ಹಾಕಿದ. ಆದ್ದರಿಂದ ರಾಗದಲ್ಲಿ ಕಟ್ಟಿದ ಕ್ರೈಸ್ತ ಗೀತೆ ಎಂಬುದು ಕದ್ದ ಮಾಲು, ಅದನ್ನು ಬರೆದವನು ಮಿಶನ್ನಿನ ಆಳು.

ಇದನ್ನು ಹೇಳುವವರನ್ನು ಒಮ್ಮೆ ಮಿರಜಕ್ಕೆ ಕರೆದುಕೊಂಡು ಹೋಗಬೇಕೆನಿಸುತ್ತದೆ. ಅದೂ ಪೂರ್ವದ ದಿಕ್ಕಿನಿಂದ, ಮಾಲಗಾಂವ, ಬೇಡಗ, ಆರಗದ ಎಲೆದೋಟಗಳ ನಡುವಿನ ದಾರಿಯಿಂದ. ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಸೀಮೆ ಇದು. ಪಂಢರಪುರಕ್ಕೆ ಹೋಗುವ ದಿಂಡಿಗಳ ತಾಳ ಮೃದಂಗವನ್ನು ಕೇಳಿ ಬೆಳೆದ ಊರುಗಳು. ಮಾಲಗಾಂವದ ರೈತನಿಗೆ ಜಡ್ಡಾದರೆ ಅವನು ಹೋಗುತ್ತಿದ್ದದ್ದು ಮಿರಜದ ಮಿಶನ್ ದವಾಖಾನೆಗೆ. ಕೆನಡಾದಿಂದ ಬಂದ ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ತೆರೆದದ್ದು ಅದು. ಹರಕೆ ಹೊತ್ತರೆ ಮೀರಾಸಾಹೇಬರ ದರ್ಗಾ. ಭಜನೆಗೆ ತಂಬೂರಿ ಬೇಕಾದರೆ ಶಿಕಲಗಾರರ ಅಂಗಡಿ. ಕತ್ತಿ ಗುರಾಣಿ ಸಾಣೆ ಹಿಡಿಯುತ್ತಿದ್ದ ಈ ಮುಸಲ್ಮಾನ ಕುಟುಂಬಗಳು, ಸಂಸ್ಥಾನಗಳ ಯುದ್ಧಗಳು ಮುಗಿದು ಕೈಗೆ ಕೆಲಸವಿಲ್ಲದಾದಾಗ, ಪಂಢರಪುರ ಸೀಮೆಯಿಂದ ದೊಡ್ಡ ದೊಡ್ಡ ಬುರುಡೆಗಳನ್ನು ತರಿಸಿ ಸಿತಾರ ತಂಬೂರಿ ಮಾಡತೊಡಗಿದವು. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಸೂಚಿಯ ಮುದ್ರೆ ಬಿತ್ತು. ದೇಶದ ಎಷ್ಟೋ ಗುಡಿಗಳಲ್ಲಿ ಸಾ ಹಿಡಿದು ಕೂಡಿಸುವ ತಂಬೂರಿ ಇಲ್ಲಿಯದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರು ಯಾರೆಂದು ಈ ಊರಿನಲ್ಲಿ ನಿಂತು ಕೇಳಿದರೆ ಉತ್ತರ ಕೊಡುವುದು ಕಷ್ಟ.

ದರ್ಗಾದ ಉರುಸಿನಲ್ಲಿ ಹುಣಸೆಮರದ ಬುಡದಲ್ಲಿ ವರ್ಷವರ್ಷವೂ ಗಾಯನ ನಡೆಯುತ್ತದೆ. ಅಲ್ಲಿ ಮಣ್ಣಾಗಿರುವವರು ಉಸ್ತಾದ ಅಬ್ದುಲ್ ಕರೀಂ ಖಾನ್. ಉತ್ತರಪ್ರದೇಶದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿ, ಮಿರಜವನ್ನು ತವರಾಗಿಸಿಕೊಂಡು, 1937ರಲ್ಲಿ ತಮಿಳುನಾಡಿನ ಸಿಂಗಪೆರುಮಾಳಕೋಯಿಲ್ ರೈಲು ನಿಲ್ದಾಣದಲ್ಲಿ ಪ್ರಾಣ ಬಿಟ್ಟವರು. ಮೈಸೂರಿಗೆ, ಧಾರವಾಡಕ್ಕೆ ಹೋಗಿಬಂದು ದಕ್ಷಿಣಾದಿಯ ಸ್ವರಗಾರಿಕೆಯನ್ನು ತಮ್ಮ ಕಂಠಕ್ಕೆ ಇಳಿಸಿಕೊಂಡವರು. ತ್ಯಾಗರಾಜರ ಖರಹರಪ್ರಿಯದ ಕೃತಿಯೊಂದನ್ನು, ರಾಮನಿಗೆ ಸಮಾನರಾರೆಂದು ಕೇಳುವ ಆ ಕೃತಿಯನ್ನು, ಅವರು ಗ್ರಾಮೋಫೋನ್ ತಟ್ಟೆಗೆ ಹಾಡಿದ್ದಾರೆ. ತೆಲುಗು ಉಚ್ಚಾರ ಅಷ್ಟಕ್ಕಷ್ಟೇ; ಕೇಳಿದರೆ ಕಣ್ಣು ತುಂಬುತ್ತದೆ. ನಮಾಜು ಮಾಡುವ ಬಾಯಿ ರಾಮನನ್ನು ಹಾಡಬಹುದು, ಅದು ಸೌಹಾರ್ದ. ಪ್ರಾರ್ಥನೆಗೆ ಇಗರ್ಜಿಗೆ ಹೋಗುವ ಬಾಯಿ ಅದೇ ಖರಹರಪ್ರಿಯದಲ್ಲಿ ತನ್ನ ದೇವರನ್ನು ಕರೆದರೆ ಕಳವು. ಈ ಲೆಕ್ಕ ಹೇಗೆ ಹೊಂದುತ್ತದೆಂದು ಯಾರಾದರೂ ಬಿಡಿಸಿ ಹೇಳಲಿ.

ಕುರುಂದವಾಡದ ವಿಷ್ಣು ದಿಗಂಬರ ಪಲುಸ್ಕರರ ಕತೆ ಇನ್ನೂ ಸೊಗಸು. ಪಟಾಕಿ ಸಿಡಿದು ಕಣ್ಣು ಕೆಟ್ಟ ಹುಡುಗ ಮಿರಜಕ್ಕೆ ಬಂದು ಬಾಳಕೃಷ್ಣಬುವಾ ಇಚಲಕರಂಜೀಕರರ ಮನೆಯಲ್ಲಿ ಕಲಿತ. ಬುವಾ ಅವರದು ಗ್ವಾಲಿಯರ ಘರಾಣೆ; ಅಂದರೆ ಹದ್ದೂ ಖಾನ್, ಹಸ್ಸೂ ಖಾನರ ಮನೆತನದಿಂದ ಬಂದ ವಿದ್ಯೆ. ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಮನೆಮನೆಯ ಹೆಣ್ಣುಮಕ್ಕಳೂ ಹಾಡು ಕಲಿಯಬೇಕೆಂಬ ಆಸೆ ಅವರದು. ಆದರೆ ಎಷ್ಟೋ ಬಂದಿಶುಗಳ ಮಾತು ಶೃಂಗಾರದ್ದು, ಅತ್ತೆ ನಾದಿನಿಯರ ಕಣ್ತಪ್ಪಿಸಿ ನಲ್ಲನ ಬಳಿ ಹೋಗುವವಳದು. ಪಲುಸ್ಕರರು ಚೀಜಿನ ಸ್ವರ ಉಳಿಸಿಕೊಂಡು ಮಾತು ತೆಗೆದು, ಭಕ್ತಿಯ ಮಾತು ಕೂಡಿಸಿದರು. ಉಸ್ತಾದರ ಮನೆಯ ರಚನೆ, ಒಳಗಿನ ಶಬ್ದ ಹೊಸದು, ಉದ್ದೇಶ ಧರ್ಮದ್ದು. ಇದನ್ನೇ ಅಲ್ಲವೇ ನೀವು ಕಳವು ಎನ್ನುವುದು? ಇಲ್ಲಿ ಅದರ ಹೆಸರು ಸಂಗೀತೋದ್ಧಾರ. ನಾನೂ ಉದ್ಧಾರವೆಂದೇ ಕರೆಯುತ್ತೇನೆ. ಇಬ್ಬರಿಗೂ ಒಂದೇ ಅಳತೆ ಇರಲಿ ಎನ್ನುವುದಷ್ಟೇ ನನ್ನ ತಕರಾರು.

ಪಕ್ಕದ ಸಾಂಗಲಿಗೆ ಬನ್ನಿ. 1843ರಲ್ಲಿ ಇಲ್ಲಿ ವಿಷ್ಣುದಾಸ ಭಾವೆಯವರು ಸೀತಾಸ್ವಯಂವರ ಆಡಿಸಿದಾಗ ಬೆನ್ನಿಗಿದ್ದದ್ದು ಕನ್ನಡ ಜಿಲ್ಲೆಯಿಂದ ಬಂದಿದ್ದ ಭಾಗವತರ ಆಟ. ಮರಾಠಿ ಸಂಗೀತ ನಾಟಕದ ಜನಕ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ನಾಟಕದ ಪದಗಳಲ್ಲಿ ಕರ್ನಾಟಕದ ಧಾಟಿಗಳು ಸಲೀಸಾಗಿ ಓಡಾಡುತ್ತವೆ. ಸಾಂಗಲಿಯವರೇ ಆದ ಖಾಡಿಲಕರರ 'ಸ್ವಯಂವರ' 1916ರಲ್ಲಿ ರಂಗಕ್ಕೆ ಬಂದಾಗ ಭಾಸ್ಕರಬುವಾ ಬಖಲೆ ಅದಕ್ಕೆ ರಾಗ ಹಾಕಿದರು. ನತ್ಥನ್ ಖಾನ್, ಅಲ್ಲಾದಿಯಾ ಖಾನರಂಥವರ ಬಳಿ ಕಲಿತ ಖ್ಯಾಲುಗಳ ಬಂದಿಶುಗಳನ್ನು ಎತ್ತಿ ರುಕ್ಮಿಣಿಯ ಬಾಯಿಗೆ ಕೊಟ್ಟರು, ಬಾಲಗಂಧರ್ವರು ಹಾಡಿದರು, ಮಹಾರಾಷ್ಟ್ರ, ಉತ್ತರ ಕರ್ನಾಟಕ ಎರಡೂ ಹುಚ್ಚಾದವು. ಅದಕ್ಕೆ ಮೊದಲು, 1911ರ 'ಮಾನಾಪಮಾನ'ಕ್ಕೆ ಗೋವಿಂದರಾವ್ ಟೆಂಬೆ ಪೂರಬದ ಠುಮ್ರಿ ಕಜರಿಗಳ ಚಾಲು ತಂದಿದ್ದರು. ಕೋಠಿಯಲ್ಲಿ ಹಾಡುತ್ತಿದ್ದ ಹೆಂಗಸರ ಹಾಡು ಮದುವೆಮನೆಯ ಹಾಡಾಯಿತು. ನಮ್ಮ ಕಂಪನಿ ನಾಟಕದ ಪದಗಳ ಪುಸ್ತಕ ತೆಗೆದು ನೋಡಿ: ಪ್ರತಿ ಪದದ ನೆತ್ತಿಯ ಮೇಲೆ ಇಂಥ ಹಾಡಿನ ಧಾಟಿ ಎಂದು ನಾಚಿಕೆಯಿಲ್ಲದೆ ಅಚ್ಚು ಹಾಕಿರುತ್ತಾರೆ. ಹಾಡು ನಮ್ಮಲ್ಲಿ ಸಾಗಿಬಂದದ್ದೇ ಹೀಗೆ. ಕ್ರೈಸ್ತ ಗೀತಕಾರ ಈ ಪದ್ಧತಿಯನ್ನು ಹೊರಗಿನಿಂದ ತರಲಿಲ್ಲ, ಮನೆಯಲ್ಲಿ ಕಲಿತ.

ಇಷ್ಟು ಸಾಲದೆಂದರೆ ಮಲ್ಲಿಕಾರ್ಜುನ ಮನಸೂರರನ್ನು ಕೇಳಿ. ಹುಡುಗನಾಗಿ ಮಿರಜದ ನೀಲಕಂಠಬುವಾ ಆಲೂರಮಠರಲ್ಲಿ ಕಲಿತು, ಮುಂದೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಗಂಡಾಬಂಧ ಶಿಷ್ಯರಾದವರು. ಆ ವಿದ್ಯೆಯಿಂದಲೇ ಅವರು ವಚನಗಳಿಗೆ ರಾಗ ತೊಡಿಸಿದರು. 12ನೇ ಶತಮಾನದ ಶರಣರು ಈ ಖಾನರ ಜೈಪುರ ಘರಾಣೆಯ ಸ್ವರವನ್ನು ಕೇಳಿರಲಿಲ್ಲ. ದಾಸರ ಪದಗಳದೂ ಅದೇ ಪಾಡು: ಪುರಂದರದಾಸರ ಮೂಲ ಮಟ್ಟುಗಳು ಬಹುಪಾಲು ನಮಗೆ ಉಳಿದಿಲ್ಲ, ಭೀಮಸೇನ ಜೋಶಿಯವರ ದಾಸವಾಣಿಯಲ್ಲಿ ನಾವು ಕೇಳುವುದು ಅಬ್ದುಲ್ ಕರೀಂ ಖಾನರಿಂದ ಸವಾಯಿ ಗಂಧರ್ವರಿಗೆ, ಅವರಿಂದ ಜೋಶಿಯವರಿಗೆ ಇಳಿದುಬಂದ ಕಿರಾನಾ ದನಿ. ರಾಗ ಹೊಲವಾಗಿದ್ದು, ಅದಕ್ಕೊಂದು ಉತಾರ ತೆಗೆಸುವಂತಿದ್ದರೆ ಹಕ್ಕುದಾರರ ಕಾಲಮಿನಲ್ಲಿ ತಲಾಠಿ ಎಷ್ಟು ಜಾತಿ, ಎಷ್ಟು ಮತ ಬರೆಯಬೇಕಾಗುತ್ತಿತ್ತೋ!

ಇದೆಲ್ಲ ಕೇಳಿದ ಮೇಲೆ ತಲೆಯಾಡಿಸುವವರು ಒಂದು ಹೆಜ್ಜೆ ಹಿಂದೆ ಸರಿದು ಗಾಳದ ವಾದಕ್ಕೆ ಅಂಟಿಕೊಳ್ಳುತ್ತಾರೆ. ಮುಸಲ್ಮಾನ ಉಸ್ತಾದ ಯಾರನ್ನೂ ಮತಾಂತರ ಮಾಡಲು ಹಾಡಲಿಲ್ಲ, ಕ್ರೈಸ್ತರು ಅದಕ್ಕಾಗಿಯೇ ಹಾಡಿದರು ಎನ್ನುತ್ತಾರೆ. ಅವರ ವಾದದಲ್ಲಿ ಜೀವ ಇರುವುದು ಇಲ್ಲೇ. ಚರಿತ್ರೆ ಅವರಿಗೆ ಅತ್ಯಂತ ವಿರುದ್ಧವಾಗಿರುವುದೂ ಇಲ್ಲೇ.

ತಂಜಾವೂರಿನ ವೇದನಾಯಗಂ ಶಾಸ್ತ್ರಿಯವರನ್ನು ತೆಗೆದುಕೊಳ್ಳಿ. ಹುಟ್ಟಿದ್ದು 1774ರಲ್ಲಿ. ತ್ಯಾಗರಾಜರಿಗಿಂತ ಏಳು ವರ್ಷ ಚಿಕ್ಕವರು, ಮುತ್ತುಸ್ವಾಮಿ ದೀಕ್ಷಿತರ ಓರಗೆಯವರು. ಅಂದರೆ ಕರ್ನಾಟಕ ಸಂಗೀತ ಇಂದಿನ ರೂಪ ಪಡೆಯುತ್ತಿದ್ದ ಕಾಲದಲ್ಲೇ, ಅದೇ ಕಾವೇರಿಯ ಸೀಮೆಯಲ್ಲೇ, ಕ್ರೈಸ್ತ ಕೀರ್ತನೆಯೂ ಕಟ್ಟಲ್ಪಡುತ್ತಿತ್ತು. ತ್ರಿಮೂರ್ತಿಗಳು ಮನೆ ಕಟ್ಟಿ ಮುಗಿಸಿದ ಮೇಲೆ ಗೋಡೆ ಹಾರಿ ಬಂದವರಲ್ಲ ಇವರು. ಪಾದ್ರಿ ಶ್ವಾರ್ಟ್ಸ್ ಬೆಳೆಸಿದ ಹುಡುಗ. ರಾಜ ಎರಡನೇ ಸರಫೋಜಿ ಕೂಡ ಅದೇ ಶ್ವಾರ್ಟ್ಸರ ನೆರಳಿನಲ್ಲಿ ಬೆಳೆದವನು. ಗುಡ್ಡದ ಕಣಿ ಹೇಳುವ ಹೆಂಗಸನ್ನು ಮುಂದಿಟ್ಟುಕೊಂಡು 'ಬೆತ್ಲೆಹೇಮ್ ಕುರವಂಜಿ' ಬರೆದರು, ನೂರಾರು ಕೀರ್ತನೆ ಕಟ್ಟಿದರು.

ಮಿಶನ್ ಇದಕ್ಕೆ ಶಾಲು ಹೊದಿಸಿತೇ? 1820ರ ದಶಕದಲ್ಲಿ ಬಂದ ಹೊಸ ಪೀಳಿಗೆಯ ಮಿಶನರಿಗಳು ಇಗರ್ಜಿಯಲ್ಲಿ ತಮಿಳು ಕೀರ್ತನೆ ಬೇಡ, ಹಬ್ಬಕ್ಕೆ ಹೂವು ಬೇಡ, ಹಳೆಯ ತಮಿಳು ಬೈಬಲು ಬೇಡ ಎಂದರು. ಅವರ ಕಿವಿಗೆ ಇದು ದೇವದಾಸಿಯರ ಹಾಡು, ಅಂಧಕಾರದ ಉಳಿಕೆ. ಶಾಸ್ತ್ರಿಯವರು ಸುಮ್ಮನಿರದೆ 1829ರ ಸುಮಾರಿಗೆ ಪ್ರತಿಭಟನೆಯ ಪ್ರಬಂಧಗಳನ್ನೇ ಬರೆದರು. ಹಾಡುವ ಹಕ್ಕು ಅದರಲ್ಲೊಂದು ವಿಷಯ. ಅದೇ ಬರಹದಲ್ಲಿ ಇಗರ್ಜಿಯೊಳಗೆ ಜಾತಿಗೊಂದು ಕೂರುವ ಜಾಗ ಇರಬೇಕೆಂದೂ ವಾದಿಸಿದ್ದಾರೆ. ಆ ಭಾಗ ಓದಿದರೆ ಸಂಕಟವಾಗುತ್ತದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಒಂದು ಸಂಗತಿ ಸ್ಪಷ್ಟ: ರಾಗವನ್ನು ಗಾಳಕ್ಕೆ ಸಿಕ್ಕಿಸಿದವನು ಮಿಶನರಿ ಎಂಬ ಕತೆ ಇಲ್ಲಿ ತಲೆಕೆಳಗಾಗಿದೆ. ಮಿಶನರಿ ರಾಗವನ್ನು ಹೊರಗೆ ಹಾಕಲು ನೋಡಿದ, ಕ್ರೈಸ್ತನಾದ ತಮಿಳನು ಬಾಗಿಲಿಗೆ ಕಾಲು ಕೊಟ್ಟು ನಿಂತ. ಮಧುರೆಯ ಅಮೆರಿಕನ್ ಮಿಶನ್ನಿನ ಎಡ್ವರ್ಡ್ ವೆಬ್ ಈ ಕೀರ್ತನೆಗಳನ್ನು ಕಲಿತು ಅಚ್ಚು ಹಾಕಿಸಿದ್ದು 1853ರಲ್ಲಿ. ಅಷ್ಟು ಹೊತ್ತಿಗೆ ಕವಿಗೆ ಎಂಬತ್ತರ ಹತ್ತಿರ ವಯಸ್ಸು. ಜನ ಹಾಡಿ ಹಾಡಿ ಸವೆದ ಮೇಲೆ ಮಿಶನ್ನಿಗೆ ಕಿವಿ ಬಂತು. ಆಂಧ್ರದಲ್ಲಿ ಪುರುಷೋತ್ತಮ ಚೌಧರಿ ಕಟ್ಟಿದ ತೆಲುಗು ಕೀರ್ತನೆಗಳು ಇಂದಿಗೂ ಹಾಡುಪುಸ್ತಕದಲ್ಲಿ ರಾಗ ತಾಳಗಳ ಹೆಸರು ಹೊತ್ತೇ ನಿಂತಿವೆ. ಅವರೂ ಊರಿನವರೇ.

ಮರಾಠಿ ಸೀಮೆಯಲ್ಲಿ, ಅಂದರೆ ಮಿರಜದ ಇಗರ್ಜಿಗಳು ಹಾಡುವ ಪುಸ್ತಕದಲ್ಲಿ, ಈ ಕೆಲಸ ಮಾಡಿದವರು ಅಹಮದನಗರದ ಕೃಷ್ಣರಾವ್ ಸಾಂಗಳೆ ಮತ್ತು ನಾರಾಯಣ ವಾಮನ ತಿಲಕ. ಸಾಂಗಳೆ ಕ್ರೈಸ್ತ ಕಥೆಯನ್ನು ಕೀರ್ತನದ ಗತ್ತಿಗೆ ತಂದರು. ತಿಲಕರದು ಇನ್ನೂ ದೊಡ್ಡ ಕತೆ. ಕೊಂಕಣದ ಚಿತ್ಪಾವನ ಬ್ರಾಹ್ಮಣ, ಒಳ್ಳೆಯ ಮರಾಠಿ ಕವಿ. 1895ರಲ್ಲಿ ದೀಕ್ಷಾಸ್ನಾನ ಪಡೆದರು. ಹೆಂಡತಿ ಲಕ್ಷ್ಮೀಬಾಯಿ ಐದು ವರ್ಷ ದೂರವೇ ಉಳಿದು, ಆಮೇಲೆ ತಾವಾಗಿ ಬಂದರು. ಅದೆಲ್ಲವನ್ನೂ 'ಸ್ಮೃತಿಚಿತ್ರೆ'ಯಲ್ಲಿ ಅವರು ಬರೆದಿರುವ ರೀತಿಗೆ ಭಾರತೀಯ ಆತ್ಮಕಥೆಗಳಲ್ಲಿ ಸಾಟಿ ಕಡಿಮೆ. ತಿಲಕರಿಗೆ ಇಂಗ್ಲಿಷಿನಿಂದ ಇಳಿಸಿದ ಗೀತೆಗಳು ಹಿಡಿಸಲಿಲ್ಲ. ಅಭಂಗ, ಓವಿ, ಪದ, ಇವೇ ಅವರ ನಾಲಗೆ. ತುಕಾರಾಮನನ್ನು ಅವರು ಬಿಟ್ಟುಕೊಡಲಿಲ್ಲ, ಕ್ರಿಸ್ತನ ಬಳಿಗೆ ತಮ್ಮ ದಾರಿ ಅವನ ಮೂಲಕವೇ ಎಂದು ನಂಬಿದ್ದರು. 1917ರಲ್ಲಿ ಮಿಶನ್ನಿನ ಸಂಬಳವನ್ನೂ ಬಿಟ್ಟು ಕಾವಿ ತೊಟ್ಟು ಸಾತಾರಾದಲ್ಲಿ 'ದೇವರ ದರ್ಬಾರು' ಕಟ್ಟಲು ಹೊರಟರು. ದೀಕ್ಷಾಸ್ನಾನ ಆದವರಿಗೂ ಆಗದವರಿಗೂ ಅಲ್ಲಿ ಜಾಗವಿತ್ತು. 1919ರಲ್ಲಿ ತೀರಿಕೊಂಡರು. ಮಿಶನ್ನಿನ ಆಳು ಎನ್ನಲು ಹೊರಟವರಿಗೆ ಈ ಮನುಷ್ಯ ಸಿಕ್ಕುವುದಿಲ್ಲ.

ಇನ್ನು ಗಾಳಕ್ಕೆ ಬಿದ್ದ ಮೀನು ಯಾರೆಂದು ನೋಡೋಣ. ಕೊಲ್ಲಾಪುರ, ಸಾಂಗಲಿ, ಮಿರಜದ ಸುತ್ತ ಪ್ರೆಸ್ಬಿಟೇರಿಯನ್ ಮಿಶನ್ನಿಗೆ ಸೇರಿದವರಲ್ಲಿ ಹೆಚ್ಚಿನವರು ಮಹಾರ, ಮಾಂಗ ಕೇರಿಗಳವರು. ಇವರನ್ನು ಸೆಳೆಯಲು ತೋಡಿ ಬೇಕಾಗಿತ್ತು ಎನ್ನುವವರು ಆ ಕೇರಿಯನ್ನು ಕಂಡಿಲ್ಲ. ದವಾಖಾನೆ, ಶಾಲೆ, ಎದುರಿಗೆ ಕೂತು ಮಾತಾಡುವ ಒಬ್ಬ ಮನುಷ್ಯ, ಅಷ್ಟು ಸಾಕಾಗಿತ್ತು. ಅಷ್ಟನ್ನೂ ಊರು ಕೊಟ್ಟಿರಲಿಲ್ಲ. ಅದಕ್ಕಿಂತ ತಮಾಷೆಯ ಸಂಗತಿ ಬೇರೆ ಇದೆ. ಹಲಗಿ ಬಡಿದವರು, ಸನಾದಿ ಊದಿದವರು ಈ ಮಾಂಗರೇ. ದೇವರ ಪಲ್ಲಕ್ಕಿಯ ಮುಂದೆ, ಮದುವೆಯ ಹಂದರದ ಹೊರಗೆ, ಬೆಳಗಿನ ರಾಗಗಳನ್ನು ಬೆಳಗ್ಗೆ, ಸಂಜೆಯ ರಾಗಗಳನ್ನು ಸಂಜೆ ನುಡಿಸಿದವರು. ನಮ್ಮ ಕಡೆ ಭಜಂತ್ರಿಗಳು ಮಾಡಿದ ಕೆಲಸ. ಗುಡಿಯ ಸಂಗೀತ ಅವರ ಉಸಿರಿನಿಂದ ನಡೆಯಿತು, ಅವರು ಮಾತ್ರ ಹೊಸ್ತಿಲ ಹೊರಗೆ. ಅಂಥವರ ಮಕ್ಕಳು ಇಗರ್ಜಿಯ ಒಳಗೆ ಕೂತು ಭೀಮಪಲಾಸಿಯಲ್ಲಿ ಹಾಡಿದರೆ ಅವರು ಯಾರ ಮನೆಯದನ್ನು ಕದ್ದಂತಾಯಿತು? ರಾಗ ಗುಡಿಯಲ್ಲಿ ಹುಟ್ಟಿತು ಎನ್ನುವವರು ಈ ಪ್ರಶ್ನೆಗೆ ಉತ್ತರ ಹೇಳಲೇಬೇಕು.

ಅವರ ವಾದದಲ್ಲಿ ನಾನು ಒಪ್ಪುವ ಭಾಗ ಒಂದಿದೆ. ತ್ಯಾಗರಾಜರ ಕೃತಿಯನ್ನು ಇದ್ದಂತೆ ಎತ್ತಿ, ರಾಮ ಇದ್ದಲ್ಲಿ ಏಸು ಎಂದು ಕೂರಿಸಿ ತನ್ನ ಹೆಸರಿನಲ್ಲಿ ಹಾಡುವುದು ಕೆಟ್ಟ ಕೆಲಸ. ಅದು ರಾಮಭಕ್ತನಿಗೆ ಮಾತ್ರವಲ್ಲ, ಸಾಹಿತ್ಯಕ್ಕೂ ಅಪಚಾರ. ತ್ಯಾಗರಾಜರ ಅಕ್ಷರ ಅಕ್ಷರವೂ ಅವರ ರಾಮನ ಜೊತೆ ಜಗಳವಾಡುತ್ತದೆ, ಬೇಡುತ್ತದೆ. ಹೆಸರು ಬದಲಿಸಿದರೆ ಉಳಿಯುವುದು ಸಿಪ್ಪೆ. ಅಂಥದ್ದನ್ನು ಯಾರು ಮಾಡಿದ್ದರೂ ಹೆಸರು ಹಿಡಿದು ಬೈಯಿರಿ, ನಾನೂ ಜೊತೆಗೆ ಬರುತ್ತೇನೆ. ಆದರೆ ಒಬ್ಬ ಸೋಮಾರಿ ಮಾಡಿದ ನಕಲಿಗೆ ವೇದನಾಯಗಂ, ಚೌಧರಿ, ತಿಲಕರನ್ನು ಕಟಕಟೆಗೆ ತರುವುದು ನ್ಯಾಯವಲ್ಲ. ಅವರು ಯಾರ ಕೃತಿಯನ್ನೂ ಒರೆಸಿ ಬರೆದವರಲ್ಲ. ಹೊಸ ಮಾತು ಕಟ್ಟಿ, ಎಲ್ಲರಿಗೂ ಸೇರಿದ ರಾಗದಲ್ಲಿ ಕೂರಿಸಿದವರು.

ಕನ್ನಡದ ಕ್ರೈಸ್ತರ ಬಗ್ಗೆ ನನಗೆ ಇರುವ ದೂರು ಇದಕ್ಕೆ ನೇರ ವಿರುದ್ಧವಾದದ್ದು: ಅವರು ಸಾಕಷ್ಟು ತೆಗೆದುಕೊಳ್ಳಲಿಲ್ಲ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೂ, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಬಂತು. ಅದು ತಂದ ಜರ್ಮನ್ ಗೀತೆಗಳಿಗೆ ಕನ್ನಡದ ಮಾತು ಹೊಂದಿಸಿ ನಾಲ್ಕು ದನಿಯಲ್ಲಿ ಹಾಡಿಸಿದರು. ಚೆಂದವೇ, ಇಲ್ಲವೆನ್ನಲಾರೆ, ಆದರೆ ಮಾತಿನ ಒತ್ತು ಒಂದು ಕಡೆ, ಸ್ವರದ ಒತ್ತು ಇನ್ನೊಂದು ಕಡೆ ಬೀಳುತ್ತದೆ. ಕಿಟೆಲ್ ಈ ಕೊರತೆಯನ್ನು ಕಂಡುಕೊಂಡು 1862ರಲ್ಲಿ 'ಕಥಾಮಾಲೆ'ಯಲ್ಲಿ ಏಸುವಿನ ಕಥೆಯನ್ನು ನಮ್ಮ ಹಾಡುಗಬ್ಬದ ರೀತಿಗೆ ತಂದರು. ಅವರದೇ ನಿಘಂಟಿನ ನೆರಳಲ್ಲಿ ಆ ಪುಸ್ತಕ ಕಾಣದಾಯಿತು. ಸರ್ವಜ್ಞನ ವಚನಗಳಿಗಾಗಿ ಊರೂರು ಅಲೆದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಬೋಧಕರೇ. ಅವರನ್ನು ಕನ್ನಡಿಗರು 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಕೂರಿಸಿದರು, ಸರ್ವಜ್ಞನನ್ನು ಕದ್ದರೆಂದು ಯಾರೂ ಅನ್ನಲಿಲ್ಲ. ಆದರೂ ನನ್ನ ಲೆಕ್ಕದಲ್ಲಿ ಕನ್ನಡಕ್ಕೆ ಒಬ್ಬ ವೇದನಾಯಗಂ, ಒಬ್ಬ ತಿಲಕ ಹುಟ್ಟಲಿಲ್ಲ. ಈಗಂತೂ ಕೀಬೋರ್ಡಿನ ಗುಂಡಿ ಒತ್ತಿದರೆ ತಾಳವೂ ಬರುತ್ತದೆ, ಭಾವವೂ ಬರುತ್ತದೆ ಎಂದು ತಿಳಿದ ಪ್ರಾರ್ಥನಾಸಭೆಗಳ ಕಾಲ. ರಾಗ ಎಂದರೆ ಅನ್ಯದೇವತೆಯ ಸೋಂಕು ಎಂದು ಬೋಧಿಸುವ ಕ್ರೈಸ್ತರೂ ಇದ್ದಾರೆ. ರಾಗ ನಮ್ಮ ದೇವರದ್ದು ಎನ್ನುವ ಹಿಂದೂವಿಗೂ ಇವರಿಗೂ ಎಷ್ಟು ಸೊಗಸಾದ ಹೊಂದಾಣಿಕೆ! 1963ರಲ್ಲೇ ವ್ಯಾಟಿಕನ್ ಮಹಾಸಭೆ ಆಯಾ ನಾಡಿನ ಸಂಗೀತಕ್ಕೆ ಪೂಜೆಯಲ್ಲಿ ತಕ್ಕ ಸ್ಥಾನ ಕೊಡಿರೆಂದು ಹೇಳಿದ್ದು ಈ ಎರಡೂ ಗುಂಪಿನ ಕಿವಿಗೆ ಬಿದ್ದಂತಿಲ್ಲ.

ಕೊನೆಗೆ ಒಂದು ಸವಾಲು ಬರುತ್ತದೆ, ಮೇಜು ಗುದ್ದಿ ಕೇಳುವಂಥದ್ದು: "ಅವರ ಪ್ರಾರ್ಥನೆಯ ಧಾಟಿಯಲ್ಲಿ ನಮ್ಮ ದೇವರನ್ನು ಹಾಡಿದ್ದರೆ ಅವರು ಸುಮ್ಮನಿರುತ್ತಿದ್ದರೇ?" ಇದಕ್ಕೆ ಊಹೆಯ ಉತ್ತರ ಬೇಕಿಲ್ಲ. ಕುಂಪಣಿಯ ಬ್ಯಾಂಡಿನವರು ಬಾರಿಸುತ್ತಿದ್ದ ಧಾಟಿಗಳನ್ನು ಮುತ್ತುಸ್ವಾಮಿ ದೀಕ್ಷಿತರು ಕೇಳಿ, ಅವಕ್ಕೆ ಸಂಸ್ಕೃತದಲ್ಲಿ ದೇವತಾಸ್ತುತಿ ಕಟ್ಟಿದರು. ಮೂವತ್ತಕ್ಕೂ ಮಿಕ್ಕಿ ಇವೆ ಅಂಥವು. ನೊಟ್ಟುಸ್ವರ ಸಾಹಿತ್ಯವೆಂದು ಹೆಸರು. ಅವುಗಳಲ್ಲೊಂದರ ಸ್ವರ ಇಂಗ್ಲೆಂಡಿನ ರಾಜಗೀತೆಯದು. ತಮ್ಮ ದೇವರು ತಮ್ಮ ರಾಜನನ್ನು ಕಾಯಲೆಂದು ಆ ಜನ ನಿಂತು ಹಾಡುವ ಪ್ರಾರ್ಥನೆ ಅದು. ದೀಕ್ಷಿತರು ಅದರೊಳಗೆ ಸಂಗೀತಶ್ಯಾಮಲೆಯನ್ನು ಕೂರಿಸಿದರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದೇ ಜನರಿಂದ ಪಿಟೀಲು ಕಲಿತು ಕಛೇರಿಗೆ ತಂದರು. ಸುಮಾರು ಇನ್ನೂರು ವರ್ಷವಾಯಿತು. ಕದ್ದ ಮಾಲು ಎಂದು ಯಾವ ಇಗರ್ಜಿಯೂ ದೂರು ಕೊಟ್ಟಿಲ್ಲ. ನಮ್ಮ ಸಂಗೀತದ ಮೇಷ್ಟ್ರುಗಳು ನೊಟ್ಟುಸ್ವರಗಳನ್ನು ಕಲಿಯಲು ಬಂದ ಚಿಕ್ಕ ಮಕ್ಕಳಿಗೆ ಇಂದೂ ಹೇಳಿಕೊಡುತ್ತಿದ್ದಾರೆ.